ಶೋಕೇಸ್ ಅಂದ್ರ ಗಾಜಿನ ತಿಪ್ಪಿ

"ದೊಡ್ಡವ್ವ, ನಮ್ಮ ಆಯಿ ನೆನಪಿನ ಮ್ಯಾಲ ನೀ ಬಣ್ಣ ಬಳದು ಅಳಿಸಿಬಿಟ್ಟಿ."

ಪುಣೆದಾಗ ಇರೋ ನಮ್ಮ ಮೈದುನನ ಮಗ ಫೋನಿನ್ಯಾಗ ಹಿಂಗ ಅಂದ. ಅಂದಾಂವನ ಫೋನ್ ಇಟ್ಟೂ ಬಿಟ್ಟ. ನಾ ಆವಾಗ ರೊಟ್ಟಿ ಬಡಿಯಾಕತ್ತಿದ್ನಿ. ಹಂಚಿನ ಮ್ಯಾಲಿನ ರೊಟ್ಟಿ ಕರಕಾತು, ಮನಸ್ಸೂ ಕರಕಾತು. ಮೂರು ದಿನ ಮನ್ಯಾಗ ಯಾರ ಸಂಗಾಟನೂ ಸರಿ ಮಾತಾಡಲಿಲ್ಲ. ನಾಕನೇ ದಿನಕ್ಕ ದುಃಖ ಹೋಗಿ ಸಿಟ್ಟ ಬಂತು. ಫೋನಿನ್ಯಾಗ ಹೇಳಾಕ ಆಗದ್ದನ್ನ ಇಲ್ಲಿ ಬರೀತೀನಿ. ಅವಾ ಓದಲಿ. ಅವನಂಗ ಅನ್ನೋ ಮಂದಿ ಭಾಳ ಅದಾರ, ಅವರೂ ಓದಲಿ.

ವಿಷಯ ಇಷ್ಟ: 41 ಸಿಪಾಯಿ ಗೊಂಬಿ. ಗೇಣಿನ ಅರ್ಧ ಎತ್ತರ. ಕೆಲವಕ್ಕ ಕೈಯಾಗ ಭಲ್ಲೆ, ಕೆಲವಕ್ಕ ಢಾಲು ಕತ್ತಿ, ಏಳು ಕುದರಿ ಸವಾರರು, ಒಬ್ಬಾಂವ ಕಹಳಿ ಊದಾಂವ. ನಮ್ಮ ಅತ್ತಿಯವರ ತವರು ಸೊಲ್ಲಾಪುರ. ಆ ಕಡಿ ದೀಪಾವಳಿ ಬಂತಂದ್ರ ಹುಡುಗೂರು ಮನಿ ಮುಂದ ಮಣ್ಣಿನ ಕಿಲ್ಲಾ ಕಟ್ಟತಾರ. ಬೆಳಗಾವಿ ಕಡೀನೂ ಐತಿ ಈ ಪದ್ಧತಿ. ಕಲ್ಲು, ಇಟ್ಟಂಗಿ, ಗೋಣಿಚೀಲ ಒಟ್ಟಿ, ಮ್ಯಾಲ ಮಣ್ಣ ಮೆತ್ತಿ, ಹಸರ ಬರಲೆಂತ ಸಾಸವಿ ಚೆಲ್ಲಿ, ಬುರುಜು ಬಾಗಲಾ ಎಲ್ಲಾ ಮಾಡಿ, ತುದಿಗೆ ಶಿವಾಜಿ ಮಹಾರಾಜರ ಗೊಂಬಿ ಕೂಡಿಸಿ, ಕೆಳಗ ಮಾವಳೆ ಸಿಪಾಯಿಗಳನ್ನ ನಿಲ್ಲಿಸತಾರ. ನಮ್ಮ ವಿಜಯಪುರದಾಗ ಮನಿಮನಿಗೆ ಇಲ್ಲ ಇದು. ನಮ್ಮ ಓಣ್ಯಾಗಂತೂ ದೀಪಾವಳಿ ಪಾಡ್ಯಕ್ಕ ಸಗಣಿ ಪಾಂಡವರು, ಅಷ್ಟ. ಆದ್ರ ಸೊಸಿ ಬಂದಲ್ಲಿ ಸೊಸಿ ತವರಿನ ಹಬ್ಬಾನೂ ಬರತೈತಿ. ಅತ್ತಿಯವರ ಬೆನ್ನಿಗೆ ಸೊಲ್ಲಾಪುರದ ಕಿಲ್ಲಾ ನಮ್ಮ ಮನಿಗೆ ಬಂತು.

ಗೊಂಬಿ ಎಲ್ಲಾ ಟಿಕೋಟಾದಾಗಿನ ಹಳೇ ಮನ್ಯಾಗ ಇದ್ವು. ಹೋದ ವರ್ಷ ಮೈದುನ ಆ ಮನಿ ಕೆಡವಿದ, ದ್ರಾಕ್ಷಿ ಒಂದಿಷ್ಟ ಕೈ ಹಿಡದಿತ್ತು, ಆರ್‌ಸಿಸಿ ಹಾಕಸಾಂವ. ನಾಗಂದಿಗಿ ಮ್ಯಾಲಿಂದ ಒಂದು ತಗಡಿನ ಟ್ರಂಕ್ ಇಳೀತು. ಒಳಗ ಹಳೇ ಇಳಕಲ್ ಸೀರಿ ತುಂಡಿನ್ಯಾಗ ಸುತ್ತಿದ್ದ ಸಿಪಾಯಿಗಳು. ನೆಗೆಣ್ಣಿ ನೋಡಿದ್ಲು, "ಅಕ್ಕಾ, ಇವು ಮುರದಾವ, ಭಿನ್ನಾದ ಗೊಂಬಿ ಮನ್ಯಾಗ ಇರಬಾರದು, ಮಣ್ಣಿನ ಸಂಗಾಟ ಟ್ರ್ಯಾಕ್ಟರಿಗೆ ಹಾಕಿಸಿಬಿಡೂಣು" ಅಂದ್ಲು. ನಾ ಟ್ರಂಕ್ ಮ್ಯಾಲ ಕೂತುಬಿಟ್ನಿ. ಖರೇನ ಕೂತ್ನಿ. ಎದ್ದದ್ದು ವಿಜಯಪುರಕ್ಕ ಹೋಗೋ ಗಾಡಿ ಬಂದಾಗ.

ಆ ಹೊತ್ತಿನ್ಯಾಗ ಪುಣೆಯ ಮಗಾ ಅಲ್ಲೇ ಇದ್ದ, ನೆನಪಿರಲಿ. ಮೊಬೈಲ್ ಹಿಡಕೊಂಡು ಹಳೇ ಮನಿ ತೊಲಿ ಕಂಬದ ಫೋಟೋ ತೆಗಿಯಾಕತ್ತಿದ್ದ. ಟ್ರಂಕ್ ಟ್ರ್ಯಾಕ್ಟರಿಗೆ ಹೋಗೂ ಮುಂದ ಅವನ ಬಾಯಿಂದ ಒಂದ ಮಾತ ಬರಲಿಲ್ಲ. ನಾ ಮನಿಗೆ ತಂದು, ಒರಸಿ, ಕೈ ಕಾಲು ಕೂಡಿಸಿ, ಬಣ್ಣ ಹಚ್ಚಿ, ನನ್ನ ಒಂಬತ್ತ ವರ್ಷದ ಮಮ್ಮಗನ ಕೈಯಾಗ ಆಡಾಕ ಕೊಟ್ಟ ಮ್ಯಾಲ, ಆ ಫೋಟೋ ಮನಿ ಗ್ರೂಪಿನ್ಯಾಗ ಬಂದ ಮ್ಯಾಲ, ಅವನಿಗೆ ಆಯಿ ನೆನಪಾದ್ಲು. "ಅವು ಆ್ಯಂಟಿಕ್ ದೊಡ್ಡವ್ವ. ಇದ್ದಂಗನ ಶೋಕೇಸಿನ್ಯಾಗ ಇಡಬೇಕಿತ್ತು. ಬಣ್ಣ ಹಚ್ಚಿದ್ರ ಕಿಮ್ಮತ್ತ ಹೋಗತೈತಿ."

ಅಂದ್ರ ನೋಡ್ರಿ, ಒಬ್ಬರು ತಿಪ್ಪಿಗೆ ಒಗೀರಿ ಅಂತಾರ, ಇನ್ನೊಬ್ಬರು ಗಾಜಿನ್ಯಾಗ ಇಡ್ರಿ ಅಂತಾರ. ಇಬ್ಬರೂ ಬ್ಯಾರೆ ಬ್ಯಾರೆ ಮಂದಿ ಅಂತ ನಾನೂ ತಿಳದಿದ್ನಿ. ಅಲ್ಲ. ಇಬ್ಬರಿಗೂ ಬೇಕಾಗಿದ್ದು ಒಂದ: ಆ ಗೊಂಬಿ ಮತ್ತ ಕೈಗೆ ಬರಬಾರದು. ತಿಪ್ಪ್ಯಾಗ ಬಿದ್ದ ಸಿಪಾಯಿಗೂ ಆಟ ಇಲ್ಲ, ಶೋಕೇಸಿನ್ಯಾಗ ನಿಂತಾಂವಗೂ ಆಟ ಇಲ್ಲ. ತಿಪ್ಪಿ ಬಯಲಾಗ ಇರತೈತಿ, ಶೋಕೇಸಿಗೆ ಗಾಜ ಇರತೈತಿ, ಫರಕ ಅಷ್ಟ. ವಾರಕ್ಕೊಮ್ಮೆ ಆ ಗಾಜ ಒರಸಾಕಿ ಯಾರು? ನಾನ.

ಮೊದಲ ತಿಪ್ಪಿ ಮಂದಿಗೆ ಹೇಳತೀನಿ. ಅವರ ಮಾತಿನ್ಯಾಗ ಸ್ವಲ್ಪ ಹುರುಳ ಐತಿ, ಸುಳ್ಳ ಹೇಳೂದಿಲ್ಲ. ನೆಗೆಣ್ಣಿ ಅಂದ್ಲು, "ಮಣ್ಣೆತ್ತಿನ ಅಮವಾಸಿಗೆ ಎತ್ತ ಮಾಡತೀವಿ, ಪೂಜಾ ಮಾಡತೀವಿ, ಬಿಡತೀವಿ. ಆಷಾಢದಾಗ ಗುಳಕವ್ವನ್ನ ಮಾಡತೀವಿ, ಬಿಡತೀವಿ. ಗಣಪತೀನೂ ಹಂಗ. ಮಣ್ಣಿನ ಗೊಂಬಿ ಇಟಗೊಳ್ಳೂದು ನಮ್ಮ ಪದ್ಧತ್ಯಾಗ ಎಲ್ಲಿ ಐತಿ ಅಕ್ಕಾ?" ನಾ ಒಂದ ಗಳಿಗಿ ಸುಮ್ಮನಾದ್ನಿ. ಖರೇ ಐತಿ. ನಮ್ಮ ಹಬ್ಬದ ಗೊಂಬಿ ಎಲ್ಲಾ ಹೋಗಾಕ ಬಂದಾವು.

ಆದ್ರ ಅವು ಹಸಿ ಮಣ್ಣಿನವು. ಕೆರಿ ಮಣ್ಣ ತಂದು ಕಲಸಿ ಮಾಡಿದ ಎತ್ತು ನೀರಿಗೆ ಬಿದ್ರ ಮತ್ತ ಕೆರಿ ಮಣ್ಣ ಆಗತೈತಿ, ಬರುವ ವರ್ಷ ಅದ ಮಣ್ಣ ಮತ್ತ ಎತ್ತ ಆಗತೈತಿ. ಅದು ಹೋಗೂದಲ್ಲ, ತಿರಗೂದು. ಈ ಸಿಪಾಯಿಗಳೊಳಗ 30 ಸುಟ್ಟ ಮಣ್ಣಿನವು, ಆಮ್ಯಾಲ ತಂದ 11 ಪ್ಲಾಸ್ಟರಿನವು. ಸುಟ್ಟದ್ದು ಕರಗೂದಿಲ್ಲ. ಪ್ಲಾಸ್ಟರ್ ಅಂತೂ ನೀರಾಗ ಮೆತ್ತಗಾಗಿ, ಚೂರಾಗಿ, ತಳಕ್ಕ ಕೂತು ಬಿಡತೈತಿ. ಪ್ಲಾಸ್ಟರಿನ ಗಣಪತಿ ಬ್ಯಾಡ್ರಿ ಅಂತ ಭಾದ್ರಪದ ಬಂದ್ರ ಸಾಕು ಗಾಡಿ ಕಟ್ಟಿ ಒದರತಾರ. ದೀಪಾವಳಿಗೆ ಪ್ಲಾಸ್ಟರಿನ ಸಿಪಾಯಿ ಡಜನ್‌ಗಟ್ಟಲೆ ತಂದು, ಹಬ್ಬ ಮುಗದ ಮ್ಯಾಲ ಗಟಾರಕ್ಕ ಒಗದ್ರ ಯಾರೂ ಒದರೂದಿಲ್ಲ. ಕರಗೂದನ್ನ ಬಿಡ್ರಿ, ಕರಗದ್ದನ್ನ ದುಡಸ್ರಿ. ಇದ ನನ್ನ ಲೆಕ್ಕ.

"ಭಿನ್ನಾದದ್ದು ಇರಬಾರದು" ಅನ್ನೋದು ದೇವರ ಮೂರ್ತಿಗೆ ಹೇಳಿದ ಮಾತು. ಕಹಳಿ ಊದೋ ಸಿಪಾಯಿಗೆ ಯಾವ ಶಾಸ್ತ್ರರೀ? ಇನ್ನ ದೇವರ ಮಾತ ಬಂತಲ್ಲ, ನಮ್ಮ ಹಳ್ಳಿ ದ್ಯಾಮವ್ವನ್ನ ನೋಡ್ರಿ. ಕಟಗೀ ಮೂರ್ತಿ. ವರ್ಷಾನುಗಟ್ಟಲೆ ಎಣ್ಣಿ, ಕುಂಕುಮ, ಭಂಡಾರ ಬಿದ್ದು ಬಣ್ಣ ಹೋಗಿರತೈತಿ. ಜಾತ್ರಿ ಹಿಡದ್ರಂದ್ರ ಮೊದಲ ಕೆಲಸ ಏನು? ತಾಯೀನ್ನ ಬಣ್ಣಕ್ಕ ಕೊಡೂದು. ಬಡಿಗ್ಯಾರ, ಚಿತ್ರಗಾರರ ಕೈಯಾಗ ಹೊಸ ಬಣ್ಣ ಹಚ್ಚಿಸಿಕೊಂಡು, ಕಣ್ಣ ಬರಸಿಕೊಂಡು, ತೇರಿಗೆ ಬರತಾಳ. ಯಾರರೆ ಎದ್ದು ನಿಂತು "ಹಳೇ ಬಣ್ಣ ಹೋತು, ತಾಯಿ ಕಿಮ್ಮತ್ತ ಹೋತು" ಅಂದದ್ದು ಕೇಳೀರಿ? ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗರ ಕಟಗಿ ಕೆತ್ತಿ, ಹುಣಸಿಬೀಜದ ಸರಿ ಹಚ್ಚಿ, ಗೊಂಬೀನೂ ಮಾಡತಾರ, ದೇವರನ್ನೂ ಮಾಡತಾರ. ಅದ ಕೈ, ಅದ ಬಣ್ಣ. ದ್ಯಾಮವ್ವ ಹೊಸ ಬಣ್ಣ ಹಚಗೋಬಹುದು, ನಮ್ಮ ಸಿಪಾಯಿ ಹಚಗೋಬಾರದು?

ನನ್ನ ತವರು ಬಬಲೇಶ್ವರ. ಕಾರಹುಣ್ಣಿಮಿಗೆ ನಮ್ಮ ಅಪ್ಪ ಎತ್ತಿನ ಕೋಡು ಹೆರದು, ಒಂದಕ್ಕ ಕೆಂಪ ಒಂದಕ್ಕ ಹಸರ ಹಚ್ಚತಿದ್ರು. ಹಿಂದಿನ ವರ್ಷದ ಬಣ್ಣ ಚಕ್ಕಿ ಎದ್ದಿರತಿತ್ತು, ಅದರ ಮ್ಯಾಲನ ಹಚ್ಚಾಂವ. ಆ ಎತ್ತು ಹದಿನಾರು ಕಾರಹುಣ್ಣಿಮಿ ಕಂಡಿತ್ತು. ಹದಿನಾರು ಬಣ್ಣ, ಒಂದ ಎತ್ತು. ಬಣ್ಣ ಹೋತಂತ ಎತ್ತನ್ನ ಸಂತಿಗೆ ಹೊಡಿಲಿಲ್ಲ, ಮೊದಲಿನ ಬಣ್ಣ ಉಳೀಲಿ ಅಂತ ಕೊಟಗ್ಯಾಗ ಕಟ್ಟಿ ಹಾಕಲಿಲ್ಲ. ಮರದಿನ ಬಿತ್ತಾಕ ಹೂಡಿದ್ರು.

ಈಗ ಶೋಕೇಸ್ ಮಂದಿ ಕಡಿ ಬರತೀನಿ. ನನ್ನ ಸಿಟ್ಟ ಇರೋದು ಅಲ್ಲೆ.

"ಆಯಿ ಹಚ್ಚಿದ್ದ ಮೂಲ ಬಣ್ಣ" ಅಂದ ಮಗ. ಯಾವ ಮೂಲ? ನಾ ಒಂದೊಂದ ಸಿಪಾಯಿ ಕೈಯಾಗ ಹಿಡದು ನೋಡಾಕಿ, ಫೋಟೋದಾಗ ಅಲ್ಲ. ಒಬ್ಬ ಭಲ್ಲೆ ಸಿಪಾಯಿ ಮೊಣಕೈ ಚಕ್ಕಿ ಎದ್ದಿತ್ತು. ಉಳ್ಳಾಗಡ್ಡಿ ಪದರ ಹಂಗ ಬಣ್ಣ ಕಾಣತಿತ್ತು. ಮ್ಯಾಲ ಹಸರ, ಎಣ್ಣಿ ಬಣ್ಣ, ಟಿಕೋಟಾ ಮನಿ ಬಾಗಲಕ್ಕ ಹಚ್ಚಿದ್ದ ಅದ ಹಸರ. ಅದರ ಕೆಳಗ ಮಾಸಿದ ಖಾಕಿ. ಅದರ ಕೆಳಗ ಕೇಸರಿ, ಇದು ಸೊಲ್ಲಾಪುರ ಬಾಜಾರದಿಂದ ಬಂದಾಗಿನ ಬಣ್ಣ ಇದ್ದೀತು. ಮೂರು ಪದರು.

ನಮ್ಮನಿಯವರನ್ನ ಕೇಳಿದ್ನಿ. ಅವರಿಗೆ ಆವಾಗ ಒಂಬತ್ತ ವರ್ಷ. ಹೆಚ್ಚ ಮಾತಾಡೋರಲ್ಲ, ಆದ್ರ ಆ ಮೊಣಕೈ ನೋಡಿ ಕುರ್ಚಿ ಹತ್ರ ಎಳಕೊಂಡು ಕೂತ್ರು. "ಅದು 72ರ ಬರಗಾಲದ ವರ್ಷ" ಅಂದ್ರು. ಹಿಂದಿನ ವರ್ಷ, 1971ರ ಡಿಸೆಂಬರದಾಗ ಪಾಕಿಸ್ತಾನದ ಸಂಗಾಟ ಲಡಾಯಿ ಆಗಿತ್ತು. ಹುಡುಗೂರ ಬಾಯಾಗೆಲ್ಲಾ ಅದ. ದೀಪಾವಳಿಗೆ ಅವರಿಗೆ ಮಾವಳೆ ಬ್ಯಾಡ, ಜವಾನ್ ಬೇಕು. 72ರಾಗ ಮಳಿ ಇಲ್ಲ, ಜೋಳ ಇಲ್ಲ, ಬರಗಾಲಿ ಕಾಮಗಾರಿಗೆ ಮಂದಿ ಹೋಗಾಕತ್ತಿದ್ರು. ಗೊಂಬಿ ತರಾಕ ರೊಕ್ಕ ಎಲ್ಲಿಂದ? ಅತ್ತಿಯವರು ಅರಿಷಿಣಕ್ಕ ಇದ್ದಲಿ ಪುಡಿ, ಚೂರು ಹುರಮಂಜ ಕೂಡಿಸಿ, ಹುಣಸಿಬೀಜದ ಸರ್ಯಾಗ ಕಲಸಿ, ಕೇಸರಿ ಮಾವಳೆಗೆಲ್ಲಾ ಖಾಕಿ ಅಂಗಿ ತೊಡಿಸಿದ್ರಂತ. ಮುಂಡಾಸ ಹಂಗ ಇತ್ತು, ಅಂಗಿ ಮಾತ್ರ ಮಿಲಿಟ್ರಿ. ಅರಿಷಿಣದ ಬಣ್ಣ ಬಿಸಲಿಗೆ ಹಾರತೈತಿ, ಎಲ್ಲಾರಿಗೂ ಗೊತ್ತು. ಮುಂದ ಎಷ್ಟೋ ವರ್ಷಕ್ಕ ಬಾಗಲದ ಬಣ್ಣ ಉಳದದ್ದು ಹಚ್ಚಿದ್ರು. ಆ ಹಸರ ಪದರ ಮುಚ್ಚಿದ್ದಕ್ಕನ ಈ ಖಾಕಿ ಉಳದೈತಿ.

ಅದಕ್ಕ ಕೇಳಪಾ ಮಗನ, ನಿಮ್ಮ ಆಯಿ ನೆನಪು ಆ ಹಸರ ಬಣ್ಣದಾಗ ಇಲ್ಲ. ನಿಮ್ಮ ಆಯಿ ಬರಗಾಲದಾಗ ಅಡಗಿಮನಿ ಅರಿಷಿಣ ತಗದು ಹಳೇ ಸಿಪಾಯಿಗೆ ಹೊಸ ಆಟದ ಅಂಗಿ ತೊಡಿಸಿದಾಕಿ. ಅಕೀ ಮಾಡಿದ್ದನ್ನ ನಾ ಮಾಡೀನಿ. ನೀ ಅಕೀ ಹಚ್ಚಿದ ಬಣ್ಣ ಇಟಗೋತೀನಿ ಅಂತಿ, ನಾ ಅಕೀ ಮಾಡಿದ ಕೆಲಸ ಇಟಗೊಂಡೀನಿ.

ನಮ್ಮೂರಾಗ ಇದ್ದು ಇದು ತಿಳಿಯೂದಿಲ್ಲಂದ್ರ ಹೆಂಗ? ಶೇರ್ಜಾ ಬುರುಜಿನ ಮ್ಯಾಲಿನ ಮುಲುಕ ಮೈದಾನ ತೋಪು ನೋಡಾಕ ಪ್ರತಿ ಸಲ ಗೆಳ್ಯಾರನ್ನ ಕರಕೊಂಡ ಬರತಿ, ಆನಿ ನುಂಗೋ ಸಿಂಹದ ಬಾಯಿ ಮುಂದ ಸೆಲ್ಫಿ ತಗೋತಿ. ಆ ತೋಪು ನಮ್ಮದ? 1549ರಾಗ ಅಹ್ಮದನಗರದಾಗ ನಿಜಾಮಶಾಹಿಯವರಿಗೆ ಎರಕ ಹೊಯ್ದದ್ದು. ಹೊಯ್ದಾಂವ ತುರ್ಕಿ ಕಡಿಯ ಮಹಮ್ಮದ್ ಬಿನ್ ಹುಸೇನ್ ರೂಮಿ. ಮುಂದ ಪರಾಂಡಾ ಕಿಲ್ಲಾದಾಗ ಇತ್ತು. 1632ರಾಗ ಅಲ್ಲಿಂದ ಆದಿಲಶಾಹಿಯವರು ಗೆದ್ದು ವಿಜಯಪುರಕ್ಕ ತಂದ್ರು. 55 ಟನ್ ತೂಕದ್ದು ಅಂತಾರ, ಎಷ್ಟ ಎತ್ತು ಎಷ್ಟ ಆನಿ ಜಗ್ಗಿದ್ವೋ. 1686ರಾಗ ಔರಂಗಜೇಬ ಊರ ಗೆದ್ದ ಮ್ಯಾಲ ಅದರ ಮ್ಯಾಲ ತನ್ನ ಹೆಸರಿನ ಬರಹ ಕೆತ್ತಿಸಿದ. ಒಂದ ತೋಪು, ಮೂರ ದೊರೆಗಳು. ಒಬ್ಬೊಬ್ಬರೂ ತಮ್ಮ ಆಟಕ್ಕ ದುಡಿಸಿಕೊಂಡ್ರು. ಮುಂದ ಇಂಗ್ಲೀಷರ ಕಾಲಕ್ಕ, 1854ರಾಗ, ಕೆಲಸಕ್ಕ ಬಾರದ ಹಳೇ ಸಾಮಾನು ಅಂತ ಇದನ್ನ ಹರಾಜಿಗೆ ಇಟ್ಟಿದ್ರು. ಸವಾಲು ಎಷ್ಟಕ್ಕ ನಿಂತಿತ್ತು ಗೊತ್ತೈತಿ? 150 ರೂಪಾಯಿ. ಕಮ್ಮಿ ಆತಂತ ಬಿಟ್ರು, ಅದಕ್ಕ ಉಳೀತು. ಹಳೇ ಸಾಮಾನಿನ ಕಿಮ್ಮತ್ತಿನ ಮಾತ ಯಾರರೆ ತಗದ್ರ ನನಗ ಆ ನೂರಾ ಐವತ್ತ ರೂಪಾಯಿ ನೆನಪಾಗತಾವ.

ಇನ್ನ ಆಟದ ಮಾತು. "ಆಡಾಕ ಬೇಕಂದ್ರ ಇದ್ದ ಬಣ್ಣದಾಗನ ಆಡಬಹುದಿತ್ತಲ್ಲ" ಅಂತ ನೀವೂ ಕೇಳೀರಿ. ಆಗೂದಿಲ್ರಿ. ಕಿಲ್ಲಾದ ಸಿಪಾಯಿ ನಿಲ್ಲಾಂವ. ಎಲ್ಲಾರೂ ಒಂದ ಕಡಿಯವರು, ವೈರಿ ಅಂಬಾಂವ ಕಾಣಸೂದಿಲ್ಲ. ಹಬ್ಬದ ನಾಕ ದಿನ ನೋಡಿ ಕೈ ಮುಗದು ಟ್ರಂಕಿಗೆ ಹಾಕೂದು. ಈಗಿನ ಹುಡುಗೂರಿಗೆ ನೋಡೂದು ಸಾಕಾಗೂದಿಲ್ಲ. ನನ್ನ ಮಮ್ಮಗ ಶಾಲಿಯಿಂದ ಬಂದಾಂವನ ಮೊಬೈಲಿನ್ಯಾಗ ಢಂಢಂ ಗುಂಡ ಹೊಡಿಯೂ ಆಟ ಹಿಡಕೊಂಡು ಕೂಡ್ರಾಂವ. ಕುತ್ತಿಗಿ ಬಗ್ಗಿ ಹೋಗಿತ್ತು. ಸಿಪಾಯಿ ನೋಡಿ ಮೊದಲ ಕೇಳಿದ್ದು, "ಆಯೀ, ಇವರು ಯಾರ ಸಂಗಾಟ ಜಗಳಾಡತಾರ?"

ಆ ಪ್ರಶ್ನಿಗೆ ಉತ್ತರ ಬಣ್ಣದಾಗ ಐತಿ. ಎದುರಿಗೆ ನಿಂತ ಸಿಪಾಯಿ ನಮ್ಮಾಂವೋ ಅವರಾಂವೋ ಅಂಗಳದ ಆ ಕಡಿಯಿಂದ ಕಾಣಬೇಕಲ್ಲ? ಅದಕ್ಕ ಹದಿನೈದು ಮಂದಿಗೆ ಕೇಸರಿ ಮುಂಡಾಸ, ಹದಿನಾಕ ಮಂದಿಗೆ ನೀಲಿ ಅಂಗಿ. ಎಲ್ಲಾರ ಕಾಲಾಗಿನ ಪೀಠಕ್ಕೂ ತಮ್ಮ ತಮ್ಮ ದಂಡಿನ ಬಣ್ಣದ ಅಂಚು. ಇಳಕಲ್ ಸೀರಿಗೆ ದಡಿ ಇದ್ದಂಗ. ನಾವು ಮಾಡಿದ ಆಟ ಇಷ್ಟ ಐತಿ: ನಾಕ ಕವಡಿ ಒಗಿಯೂದು, ಚೌಕಾಬಾರಾದಾಗಿನ ಹಂಗ. ಎಷ್ಟ ಬೀಳತೈತೋ ಅಷ್ಟ ಸಿಪಾಯಿಗಳನ್ನ ನಡಸಬಹುದು. ಕಾಲಾಳು ಒಂದ ಗೇಣು, ಕುದರಿ ಎರಡ ಗೇಣು. ಗೇಣು ಆಡೋರದ್ದು ಅಲ್ಲ, ಇಬ್ಬರಿಗೂ ಒಂದ ಅಳತಿ ಕಡ್ಡಿ, ಯಾಕಂದ್ರ ನನ್ನ ಗೇಣು ದೊಡ್ಡದಂತ ಮೊದಲನೇ ದಿನನ ಜಗಳ ಆತು. ತೋಪು ಅಂದ್ರ ಕೆಟ್ಟ ಹಿತ್ತಾಳಿ ನಳ, ಅದರ ಬಾಯಿ ಮುಂದ ಹುಣಸಿಬೀಜ ಇಟ್ಟು ಬೆರಳಿಲೆ ಚಿಮ್ಮೂದು. ಬಿದ್ದ ಸಿಪಾಯಿ ಸತ್ತಾಂವ. ಕೋಟಿ ನಡು ಉಪ್ಪಲಿ ಬುರುಜು, ಡಾಲ್ಡಾ ಡಬ್ಬಿಗೆ ಮಣ್ಣ ಮೆತ್ತಿ ಮಾಡಿದ್ದು. ಖರೇ ಬುರುಜ 80 ಫೂಟ ಐತಿ, 1584ರಾಗ ಹೈದರಖಾನ ಕಟ್ಟಿಸಿದ್ದು, ಸುತ್ತ ಹೊರಗಿನ ಮೆಟ್ಟಲಾ. ನಮ್ಮ ಡಬ್ಬಿಗೂ ಸುತ್ತ ಮೆಟ್ಟಲಾ ಕೊರದಾನ ಹುಡುಗ. ಅದಕ್ಕಂತ ಒಂದ ಐತವಾರ ಖರೇ ಬುರುಜ ಹತ್ತಿ, ಮೆಟ್ಟಲಾ ಎಣಿಸಿ, ಮ್ಯಾಲಿನ ಎರಡ ಉದ್ದನ ತೋಪು ಮುಟ್ಟಿ ಬಂದ. ಒಂಬತ್ತ ವರ್ಷ ಈ ಊರಾಗ ಬೆಳದು ಅವತ್ತ ಮೊದಲ ಸಲ ಹತ್ತಿದ್ದ. ಮೊಬೈಲ ಹತ್ತಸಿರಲಿಲ್ಲ.

ಪ್ಲಾಸ್ಟರಿನ 11 ಉಳದ್ವಲ್ಲ, ಅವುಗಳ ಸಲುವಾಗಿನ ಪುಣೆಯ ಮಗ ಹೆಚ್ಚ ಉರದದ್ದು. ಅವಕ್ಕ ಮಮ್ಮಗ ಬೆಳ್ಳಿ ಬಣ್ಣ ಮೈಗೆ, ನೀಲಿ ಬಣ್ಣ ಮುಖಕ್ಕ ಹಚ್ಚಸಿದ. ಬ್ಯಾರೆ ಗ್ರಹದಿಂದ ಬಂದೋರಂತ. ವಿಜಯಪುರದ ಕೋಟಿಗೆ ಬ್ಯಾರೆ ಗ್ರಹದವರ ಮುತ್ತಿಗಿ! ನನಗೂ ಮೊದಲ ಮನಸ್ಸ ಒಪ್ಪಲಿಲ್ಲ, ಮುಂಡಾಸ ಇದ್ದಾಂವ ಬ್ಯಾರೆ ಗ್ರಹದಿಂದ ಹೆಂಗ ಬರತಾನೋ ಅಂದ್ನಿ. "ಅಲ್ಲೂ ಬಿಸಲ ಇರತೈತಿ ಆಯೀ" ಅಂದ. ನನ್ನ ಬಾಯಿ ಮುಚ್ಚಿತು. ಬರಗಾಲದಾಗ ಮಾವಳೆ ಖಾಕಿ ತೊಟಗೊಂಡಿದ್ದ, ಈಗ ಬೆಳ್ಳಿ ತೊಟಗೊಂಡಾನ. ಆಡೋ ಹುಡುಗ ಯಾವ ಲಡಾಯಿ ಕೇಳತೈತೋ ಆ ಲಡಾಯಿಗೆ ಸಿಪಾಯಿ ಹೋಗತಾನ. ಹಾಂ, ಮಹಾರಾಜರ ಗೊಂಬಿ 41ರ ಲೆಕ್ಕದಾಗ ಇಲ್ಲ. ಅವರ ಧೂಳ ಒರಸಿ ಸಿಂಹಾಸನದ ಬಂಗಾರ ಬಣ್ಣ ಹೊಸದ ಮಾಡೀನಿ, ಅಷ್ಟ. ಅವರು ಆಟಕ್ಕ ಇಳಿಯೂದಿಲ್ಲ, ಮ್ಯಾಲ ಕೂತು ನೋಡತಾರ.

ಬೆಂಗಳೂರಾಗಿನ ನಮ್ಮ ಅಳಿಯ ಇಂಥಾ ಆಟ ಆಡಾಂವ. ಇಂಗ್ಲೆಂಡಿನ ವಾರ್‌ಹ್ಯಾಮರ್ ಅಂತ, ಬೆರಳಷ್ಟ ಗೊಂಬಿ, ಒಂದೊಂದಕ್ಕ ಕೊಡೋ ರೊಕ್ಕ ಕೇಳಿ ನಾ ಮಗಳ ಮುಖ ನೋಡಿದ್ನಿ. ಅವಾ ಹೇಳಿದ, ಆ ಕಡಿ ನಲವತ್ತ ವರ್ಷದ ಹಳೇ ಸೀಸದ ಗೊಂಬಿ ಹುಡುಕಿ ತಂದು, ಬಣ್ಣ ತಗದು, ಹೊಸ ಬಣ್ಣ ಹಚ್ಚಿ, ಈಗಿನ ನಿಯಮದ ಆಟಕ್ಕ ಇಳಸತಾರಂತ. ಅದರಾಗೂ "ಹಳೇ ಬಣ್ಣ ಮುಟ್ಟಬ್ಯಾಡ್ರಿ" ಅನ್ನೋರು ಅದಾರಂತ, ಜಗಳ ನಡದೈತಂತ. ಎಲ್ಲಾ ಕಡಿ ಇಂಥಾ ಮಂದಿ ಇರತಾರ ಅಂತ ಸಮಾಧಾನ ಆತು. ಎಚ್. ಜಿ. ವೆಲ್ಸ್ ಅಂತ ಕತಿ ಬರಿಯೋ ದೊಡ್ಡ ಮನಶ್ಯಾ, 1913ರಾಗ ಬರೇ ಆಟಗೀ ಸಿಪಾಯಿಗಳ ಲಡಾಯಿ ನಿಯಮದ್ದ ಒಂದ ಪುಸ್ತಕ ಬರದಾನಂತ, ಸಣ್ಣ ಲಡಾಯಿಗಳು ಅಂತ ಅದರ ಹೆಸರಿನ ಅರ್ಥ. ನಲವತ್ತ ದಾಟಿದ ಗಂಡಸು ನೆಲದ ಮ್ಯಾಲ ಮೊಣಕಾಲೂರಿ ಕಟಗಿ ಗುಂಡ ಹಾರಿಸಾಂವ. ನಾ ಅಂಗಳದಾಗ ಕೂತು ಹುಣಸಿಬೀಜ ಚಿಮ್ಮಿದ್ರ ಬಾಜೂಮನಿಯಾಕಿ "ವಯಸ್ಸಾತು, ಗೊಂಬಿ ಆಡತಾಳ" ಅಂತಾಳ. ಅಕೀಗೆ ಈ ಪುಸ್ತಕದ ಸುದ್ದಿ ಹೇಳಬೇಕಂದ್ಕೊಂಡೀನಿ.

ಮಾಡೋರಿದ್ರ ಒಂದೆರಡ ಮಾತ ಕೇಳ್ರಿ, ಇದರಾಗ ಹುಡುಗಾಟ ಇಲ್ಲ. ಹಳೇ ಎಣ್ಣಿ ಬಣ್ಣದಾಗ ಸೀಸ ಇರತೈತಿ. ಮನಿಗೆ ಹಚ್ಚೋ ಬಣ್ಣದಾಗ ಸೀಸ ಹತ್ತ ಲಕ್ಷ ಭಾಗದಾಗ 90 ಭಾಗಕ್ಕಿಂತ ಹೆಚ್ಚ ಇರಬಾರದಂತ ಸರಕಾರ ನಿಯಮ ಮಾಡಿದ್ದು 2016ರಾಗ, ಜಾರಿಗೆ ಬಂದದ್ದು 2017ರಾಗ. ಅದಕ್ಕೂ ಮೊದಲಿನ ಬಾಗಲದ ಬಣ್ಣ ಅಂದ್ರ ಅದನ್ನ ನಂಬಬ್ಯಾಡ್ರಿ. ಒಣದ ಹೆರಿಯಬ್ಯಾಡ್ರಿ, ಉಪ್ಪಕಾಗದ ಹಚ್ಚಿ ತಿಕ್ಕಬ್ಯಾಡ್ರಿ. ಆ ಧೂಳ ಮೂಗಿನ್ಯಾಗ ಹೋದ್ರ, ಸಣ್ಣ ಹುಡುಗೂರ ಹೊಟ್ಟಿಗೆ ಹೋದ್ರ, ತಲಿಗೆ ಕೆಡಕ. ನಾ ಹುಡುಗನ್ನ ಒಳಗ ಕಳಿಸಿ, ಹಿತ್ತಲದಾಗ ಕೂತು, ಹಸಿ ಅರಬಿಲೆ ಒರಸಿ, ಆ ಅರಬಿ ಕಟ್ಟಿ ಬ್ಯಾರೆ ಒಗದ್ನಿ. ಎದ್ದ ಚಕ್ಕಿ ಅಷ್ಟ ಹಸಿ ಅರಬಿಲೆ ತಗದೀನಿ. ಉಳದ ಹಳೇ ಬಣ್ಣ ತಗಿಯಾಕ ಹೋಗಿಲ್ಲ, ಅದರ ಮ್ಯಾಲ ಬಿಳೇ ಪ್ರೈಮರ್, ಅದರ ಮ್ಯಾಲ ನೀರಿನ ಅಕ್ರಿಲಿಕ್, ಕಡೀಕ ವಾರ್ನಿಶ್. ಹಿಂಗಾಗಿ ಅತ್ತಿಯವರ ಮೂರೂ ಪದರು ಒಳಗ ಹಂಗ ಅದಾವ, ಮಗಾ ತಿಳಕೋಬೇಕು. ಬಾಯಾಗ ಇಟಗೊಳ್ಳೋ ವಯಸ್ಸಿನ ಕೂಸಿನ ಕೈಯಾಗ ಮಾತ್ರ ಇವನ್ನ ಕೊಡಬ್ಯಾಡ್ರಿ. ಪ್ಲಾಸ್ಟರಿನವಕ್ಕ ನೀರ ತೋರಸಬ್ಯಾಡ್ರಿ, ಒಣ ಬ್ರಶ್ಶಿಲೆ ಧೂಳ ಹೊಡೀರಿ. ಅಳಿಯನ ಬಣ್ಣ ತಗಿಯೋ ಔಷಧ ಸೀಸದ ಗೊಂಬಿಗೆ ನಡೀತೈತಿ, ನಮ್ಮ ಪ್ಲಾಸ್ಟರ್ ಸಿಪಾಯಿ ಅದರಾಗ ಬಿದ್ರ ಉಪ್ಪಿಟ್ಟ ಆಗತಾನ. ಮುರದ ಕೈಗೆ ಎಂ-ಸೀಲ್. ನನಗ ಬಿದ್ದ ಖರ್ಚು ಎಲ್ಲಾ ಸೇರಿ 380 ರೂಪಾಯಿ. ಹೊಸ ಸಿಪಾಯಿ ಹನ್ನೆರಡಕ್ಕ ಹೋದ ದೀಪಾವಳ್ಯಾಗ 450 ಕೇಳಿದ್ರು, ಅವು ಮನಿ ಮುಟ್ಟೂದ್ರೊಳಗ ಎರಡಕ್ಕ ತಲಿ ಇರೂದಿಲ್ಲ.

ಒಂದ ತಪ್ಪ ಮಾಡೀನಿ, ಅದನ್ನ ಮುಚ್ಚಿಡೂದಿಲ್ಲ. ಮಗಾ ಸಿಟ್ಟಾದದ್ದ ಪೂರಾ ಹುಚ್ಚತನ ಅಲ್ಲ. ಅತ್ತಿಯವರು ಕಣ್ಣ ಬರೀತಿದ್ದದ್ದು ಕಸಬರಿಗಿ ಕಡ್ಡಿ ತುದಿಲೆ. ಒಂದ ಕಣ್ಣ ಸ್ವಲ್ಪ ಮ್ಯಾಲ, ಒಂದ ಸ್ವಲ್ಪ ಕೆಳಗ, ಎಲ್ಲಾ ಸಿಪಾಯಿನೂ ಏನೋ ಅನಮಾನ ಬಂದೋರಂಗ ನೋಡತಿದ್ರು. ನಾ ಮೊದಲನೇ ದಿನ ಅವಸರಾ ಮಾಡಿ ಇಪ್ಪತ್ತ ಮಂದಿ ಮುಖಕ್ಕ ಬಿಳೇ ಪ್ರೈಮರ್ ಬಳದುಬಿಟ್ನಿ. ಒಣಗಿದ ಮ್ಯಾಲ ನೋಡತೀನಿ, ಇಪ್ಪತ್ತ ಮಂದಿ ಕುರುಡರು ಸಾಲಿಗೆ ನಿಂತಾರ. ಎದಿ ಝಲ್ ಅಂತು. ನಾ ಬರದ ಕಣ್ಣ ಎರಡೂ ಸಮಾ ಅದಾವ, ನೀಟ ಅದಾವ, ಅನಮಾನ ಇಲ್ಲ ಅವುಗಳೊಳಗ. ಅತ್ತಿಯವರ ಕಣ್ಣ ಹೋತು. ಮೊದಲ ಫೋಟೋ ತಗದು ಇಟಗೋಬೇಕಿತ್ತು, ಒಂದನ್ನ ಎದುರಿಗೆ ಇಟಗೊಂಡು ಹಂಗ ಬರೀಬೇಕಿತ್ತು. ಹಳೇ ಗೊಂಬಿಗೆ ಬಣ್ಣ ಹಚ್ಚೋರು ಮುಖಾ ಕಡೀಕ ಮುಟ್ಟ್ರಿ. ಉಳದ ಇಪ್ಪತ್ತೊಂದ ಮಂದಿ ಮುಖಾ ನಾ ಮುಟ್ಟಲಿಲ್ಲ, ಬರೇ ಅಂಗಿ ಮುಂಡಾಸ ಹಚ್ಚೀನಿ. ಬೆಳ್ಳಿ ಅಂಗಿಯ 11 ಮಂದೀದಂತೂ ಆ ಅವಸರದಾಗ ಮೊದಲ ಹೋಗಿದ್ವು.

ಮತ್ತ ಒಬ್ಬಾಂವಗೆ ಏನೂ ಹಚ್ಚಿಲ್ಲ. ಮೊಣಕೈ ಚಕ್ಕಿ ಎದ್ದಾಂವ, ಮೂರ ಪದರ ಕಾಣಾಂವ. ಅವನ ಮ್ಯಾಲ ವಾರ್ನಿಶ್ ಮಾತ್ರ ಬಳದೀನಿ, ಚಕ್ಕಿ ಉದರಬಾರದಂತ. ಇವನ್ನೂ ಶೋಕೇಸಿಗೆ ಹಾಕಿಲ್ಲ. ಕೇಸರಿ ಅಲ್ಲ, ನೀಲಿ ಅಲ್ಲ, ಬೆಳ್ಳಿನೂ ಅಲ್ಲ, ಇವಾ ಯಾರ ದಂಡಿನಾಂವ ಅಂತ ನಾನೂ ಹುಡುಗಾನೂ ಎರಡ ದಿನ ವಾದ ಮಾಡಿದ್ವಿ. ಈಗ ನಿಯಮ ಏನಂದ್ರ, ಉಪ್ಪಲಿ ಬುರುಜಿನ ಮ್ಯಾಲ ಇವಾ ಕಾವಲ. ಯಾರ ಸಿಪಾಯಿ ಮೊದಲ ಬುರುಜಿನ ಮೆಟ್ಟಲಾ ಮುಟ್ಟತಾನೋ ಅವರ ಕಡಿ ಇವಾ ಕೂಡಿಕೋತಾನ. ಹೋದ ಐತವಾರ ಬ್ಯಾರೆ ಗ್ರಹದವರ ಕಡಿ ಕೂಡಿ ನನ್ನ ಪೂರಾ ಕೇಸರಿ ದಂಡ ಸೋಲಿಸಿದ.

ದೀಪಾವಳಿಗೆ ಪುಣೆಯ ಮಗಾ ಬರತಾನಂತ, ನೆಗೆಣ್ಣಿ ಹೇಳಿದ್ಲು. ಕಿಲ್ಲಾಕ್ಕ ಬಬಲೇಶ್ವರದಿಂದ ಎರಡ ಚೀಲ ಮಣ್ಣ ತರಸೀನಿ, ನಮ್ಮ ಎರಿ ಮಣ್ಣ ಒಣಗಿದ್ರ ಬಿರೀತೈತಿ, ಅದಕ್ಕ ಚೂರ ಮಸಾರಿ ಕೂಡಸಬೇಕು. ಏಳು ಕುದರಿ ಒಳಗ ಎರಡರ ಬಾಲ ಇನ್ನ ಬಾಕಿ ಅದಾವ. ಬರಾಂವ ಬರಿಗೈಲೆ ಬರಬ್ಯಾಡ, ಸೊನ್ನಿ ನಂಬರಿನ ಬ್ರಶ್ ಎರಡ ತಗೊಂಡ ಬಾ ಮಗನ. ಇಲ್ಲಿ ಅಂಗಡ್ಯಾಗ ಸಿಗವಲ್ಲವು.